ಲ್ವಾರ್ ನದಿಯ ಜೊತೆ ಸೈಕಲ್ ಸವಾರಿ: ಕಡಿಮೆ ಖರ್ಚು, ವೀಗನ್ ಊಟ

ಫ್ರಾನ್ಸ್ ಅಂದರೆ ಬೆಣ್ಣೆ, ಚೀಸ್, ಮಾಂಸ. ಹಾಲು, ಮೊಟ್ಟೆ, ಜೇನು ಸೇರಿ ಪ್ರಾಣಿಮೂಲದ ಯಾವುದನ್ನೂ ಮುಟ್ಟದ ವೀಗನ್‌ಗಳು ಅಲ್ಲಿ ಏನು ತಿನ್ನಬೇಕು ಎಂದು ತುಂಬಾ ಜನ ಕೇಳುತ್ತಾರೆ. ಮೂರು ಹೊತ್ತೂ ಹೋಟೆಲ್ ಊಟ ಅಂದರೆ ಕಷ್ಟ ನಿಜ, ದುಬಾರಿ ಕೂಡ. ಆದರೆ ಸೈಕಲ್, ಟೆಂಟ್, ಪುಟ್ಟ ಸ್ಟವ್ ಇದ್ದರೆ ಲೆಕ್ಕವೇ ಬೇರೆ. ಅಲ್ಲಿ ಅಗ್ಗಕ್ಕೆ ಸಿಗುವ ಬ್ರೆಡ್, ಕಾಳು, ತರಕಾರಿ, ಹಣ್ಣು ಎಲ್ಲವೂ ವೀಗನ್ ಊಟವೇ.

ಮೊದಲು ದಾರಿ ಆರಿಸಿಕೊಳ್ಳಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ‘ಲ್ವಾರ್ ಆ ವೆಲೊ’. ನೆವೇರ್ ಪಟ್ಟಣದ ಹತ್ತಿರದಿಂದ ಅಟ್ಲಾಂಟಿಕ್ ಕಡಲಿನವರೆಗೆ ನದಿಯ ಜೊತೆಗೇ ಸಾಗುವ ಸುಮಾರು 900 ಕಿ.ಮೀ. ಸೈಕಲ್ ದಾರಿ ಇದು. ಹೆಚ್ಚಿನ ಕಡೆ ಸಮತಟ್ಟು. ಪೂರ್ತಿ ಮುಗಿಸಲೇಬೇಕು ಅಂತೇನಿಲ್ಲ. ವಾರದ ರಜೆಗೆ ಆಂಜೆಯಿಂದ ಹೊರಟು ಸೊಮ್ಯೂರ್, ತೂರ್, ಆಂಬ್ವಾಜ್, ಬ್ಲ್ವಾ ದಾಟಿ ಒರ್ಲೆಯಾನ್ ತಲುಪಿದರೆ ಸಾಕು. ಇಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ಹೀಗೆ ಪೂರ್ವಕ್ಕೆ ಹೊರಟರೆ ಗಾಳಿಯೇ ಬೆನ್ನು ತಳ್ಳುತ್ತದೆ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು.

ಹೊರಡುವ ಊರಿಗೆ ಸೈಕಲ್ ಸಮೇತ ರೈಲಿನಲ್ಲೇ ಹೋಗಬಹುದು. ಪ್ರಾದೇಶಿಕ ರೈಲುಗಳಾದ ಟಿಇಆರ್‌ನಲ್ಲಿ ಸೈಕಲ್ಲಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಬೇಸಿಗೆಯಲ್ಲಿ ಮಾತ್ರ ಕೆಲವು ಕಡೆ ಮೊದಲೇ ಜಾಗ ಕಾದಿರಿಸಬೇಕು. ವೇಗದ ಟಿಜಿವಿಯಲ್ಲಿ ಸೈಕಲ್ಲಿಗೂ ಬುಕಿಂಗ್ ಬೇಕು, ಎಲ್ಲ ಟಿಜಿವಿಗಳಲ್ಲೂ ಜಾಗ ಇರುವುದಿಲ್ಲ.

ತಂಗಲು ‘ಕಾಂಪಿಂಗ್ ಮ್ಯುನಿಸಿಪಾಲ್’ ಹುಡುಕಿ. ಊರಿನ ಆಡಳಿತವೇ ನಡೆಸುವ ಟೆಂಟ್ ಮೈದಾನ ಇದು. ಸ್ನಾನಕ್ಕೆ, ಪಾತ್ರೆ ತೊಳೆಯಲು ವ್ಯವಸ್ಥೆ ಇರುತ್ತದೆ, ಬಾಡಿಗೆ ಹೋಟೆಲಿಗಿಂತ ಎಷ್ಟೋ ಕಡಿಮೆ. ಚಳಿಗಾಲದಲ್ಲಿ ಬಹಳಷ್ಟು ಮುಚ್ಚಿರುತ್ತವೆ. ‘ವಾರ್ಮ್‌ಶವರ್ಸ್’ ಬಳಗ ಸೇರಿದರೆ ಸೈಕಲ್ ಪ್ರವಾಸಿಗರನ್ನು ಮನೆಯಲ್ಲಿ ಉಚಿತವಾಗಿ ಉಳಿಸಿಕೊಳ್ಳುವವರೂ ಸಿಗುತ್ತಾರೆ. ಅಂಥವರಿಗೆ ಬೆಣ್ಣೆ, ಮೊಟ್ಟೆ ಕೂಡ ತಿನ್ನುವುದಿಲ್ಲ ಎಂದು ಮೊದಲೇ ಬಿಡಿಸಿ ಬರೆಯಿರಿ. ಬರೀ ‘ಸಸ್ಯಾಹಾರಿ’ ಎಂದರೆ ಪ್ರೀತಿಯಿಂದ ಚೀಸ್ ತಂದಿಟ್ಟುಬಿಡುತ್ತಾರೆ. ಭಾರತದಿಂದ ಹೋಗುವವರು ಶೆಂಗೆನ್ ವೀಸಾಕ್ಕೆ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ತಂಗುವ ಜಾಗದ ದಾಖಲೆ ಮತ್ತು ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ತೋರಿಸಬೇಕು.

ಇನ್ನು ಊಟ. ಬೆಳಗ್ಗೆ ಬೇಕರಿಗೆ ಹೋಗಿ ‘ತ್ರಾದಿಸ್ಯೊಂ’ ಬಾಗೆತ್, ಅಂದರೆ ಕೋಲಿನಂಥ ಉದ್ದನೆಯ ಬ್ರೆಡ್, ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಈ ಬ್ರೆಡ್ಡಿಗೆ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ ಮುಖ್ಯ. ಹಾಲು, ಬೆಣ್ಣೆ ಹಾಕುವಂತಿಲ್ಲ. ವೀಗನ್‌ಗಳಿಗೆ ಕಾನೂನೇ ಇಷ್ಟು ನೆರವಾಗುವುದು ಅಪರೂಪ, ಅಲ್ವಾ? ಪಕ್ಕದಲ್ಲೇ ಇರುವ ಕ್ರುವಾಸೊಂ, ಬ್ರಿಯೋಶ್‌ನಂಥ ಮೆತ್ತನೆ ಬನ್ನುಗಳು ಮಾತ್ರ ಬೇಡ, ಅವುಗಳ ತುಂಬಾ ಬೆಣ್ಣೆ.

ಸೂಪರ್ ಮಾರ್ಕೆಟ್ಟಿನಲ್ಲಿ ಬೇಯಿಸಿದ ಕಡಲೆ, ಮಸೂರದಂಥ ಕಾಳಿನ ಡಬ್ಬಗಳು, ಹಮ್ಮುಸ್ (ಕಡಲೆ, ಎಳ್ಳು ಅರೆದ ಚಟ್ನಿ), ಖರ್ಜೂರ ಸಿಗುತ್ತವೆ. ನಾನು ತಪ್ಪದೆ ಕೊಳ್ಳುವುದು ಕುಸ್‌ಕುಸ್, ಗೋಧಿ ರವೆಯ ಸಣ್ಣ ಸಣ್ಣ ಕಾಳು. ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟಿನಂತೆ ಅರಳುತ್ತದೆ, ಗ್ಯಾಸೂ ಉಳಿಯುತ್ತದೆ. ಮನೆಯಿಂದ ಒಂದಿಷ್ಟು ಸಾರಿನ ಪುಡಿ, ಚಟ್ನಿಪುಡಿ ಒಯ್ದರೆ ರುಚಿಗೆ ಚಿಂತೆಯಿಲ್ಲ. ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆಯಂಥ ಅಲರ್ಜಿ ಪದಾರ್ಥಗಳ ಹೆಸರು ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಜೇನು, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಹಾಗೆ ಎದ್ದು ಕಾಣುವುದಿಲ್ಲ. ಇವುಗಳ ಫ್ರೆಂಚ್ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೊರಗೆ ಉಣ್ಣಬೇಕು ಅನಿಸಿದರೆ ದೊಡ್ಡ ಊರುಗಳಲ್ಲಿ ಲೆಬನಾನಿನ ಫಲಾಫೆಲ್ (ಕಡಲೆ ವಡೆ) ಅಂಗಡಿ ನೋಡಿ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಫ್ರಾನ್ಸಿನ ಹಳ್ಳಿಕಡೆ ಕಾಂಪಿಂಗಾಜ್ ಕಂಪನಿಯ ಒತ್ತಿ ಕೂರಿಸುವ ಡಬ್ಬಿ ಜಾಸ್ತಿ, ಸ್ಟವ್‌ಗೆ ತಿರುಗಿಸಿ ಕೂರಿಸುವ ತಿರುಪಿನ ಡಬ್ಬಿ ಕಡಿಮೆ. ನಿಮ್ಮ ಸ್ಟವ್‌ಗೆ ಯಾವುದು ಹೊಂದುತ್ತದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ನೀರು ಮುಗಿದರೆ ಹಳ್ಳಿಯ ಸ್ಮಶಾನದಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸೈಕಲ್ ಸವಾರರೆಲ್ಲ ಬಳಸುವ ಉಪಾಯ ಇದು. ‘ನೊಂ ಪೊತಾಬ್ಲ್’ ಎಂಬ ಫಲಕವಿದ್ದರೆ ಮಾತ್ರ ಕುಡಿಯಬೇಡಿ.

ಅಲ್ಲಿ ರಸ್ತೆಯ ಬಲಗಡೆ ಸವಾರಿ. ರಾತ್ರಿ ಊರಿನ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ.

ಕೊನೆಯದಾಗಿ ಅಂಗಡಿಗಳ ಸಮಯ. ಸಣ್ಣ ಊರುಗಳಲ್ಲಿ ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಹಾಕುವುದು ಮಾಮೂಲು. ಭಾನುವಾರ ಮಧ್ಯಾಹ್ನದ ನಂತರ ಬಹುತೇಕ ಎಲ್ಲವೂ ಬಂದ್, ಕೆಲವು ಸೋಮವಾರವೂ ತೆರೆಯುವುದಿಲ್ಲ. ಸೊಮ್ಯೂರಿನಲ್ಲಿ ಶನಿವಾರ ಬೆಳಗ್ಗೆ ಸಂತೆ ಇದೆ. ಆ ದಿನ ಅಲ್ಲಿರುವಂತೆ ನೋಡಿಕೊಂಡರೆ ಸೋಮವಾರ ರಾತ್ರಿವರೆಗಿನ ತರಕಾರಿ, ಹಣ್ಣು ಒಂದೇ ಸಲಕ್ಕೆ ಚೀಲ ಸೇರುತ್ತದೆ.