ಗಿರಿರಾಜ ಮರಿಗಳು ಮನೆಗೆ ಬಂದ ಮೇಲೆ: ಮುಳಶಿಯಲ್ಲಿ ನನ್ನ ಅನುಭವ

ಪುಣೆಯ ಪಶ್ಚಿಮಕ್ಕೆ, ಪೌಡ ದಾಟಿದ ಮೇಲೆ, ಮುಳಶಿ ತಾಲ್ಲೂಕಿನ ಹಳ್ಳಿಯೊಂದರ ಅಂಚಿನಲ್ಲಿ ನಮ್ಮ ಮನೆ ಮತ್ತು ಅದಕ್ಕೆ ಹೊಂದಿಕೊಂಡ ಸ್ವಲ್ಪ ಜಮೀನಿದೆ. ಧಾರವಾಡದ ಕಡೆಯಿಂದ ಬಂದು ನೆಲೆಸಿದ ನಮ್ಮ ಕುಟುಂಬದಲ್ಲಿ ಅತ್ತೆಯವರು, ಹಿಂಜವಡಿಗೆ ಕೆಲಸಕ್ಕೆ ಹೋಗುವ ಯಜಮಾನರು, ಶಾಲೆಗೆ ಹೋಗುವ ಮಗ, ಮಗಳು ಮತ್ತು ನಾನು ಇದ್ದೇವೆ. ಒಂದು ದಿನದ ಮರಿಗಳನ್ನು ತಂದರೆ ತಾಯಿಕೋಳಿ ಮಾಡಬೇಕಾದ ಕೆಲಸವನ್ನೆಲ್ಲ ಮೊದಲ ನಾಲ್ಕು ವಾರ ಮನೆಯವರೇ ಹಂಚಿಕೊಳ್ಳಬೇಕಾಗುವುದರಿಂದ, ಗೂಡು ಕಟ್ಟುವ ಮೊದಲೇ ಯಾವ ಹೊತ್ತಿಗೆ ಯಾರು ಮನೆಯಲ್ಲಿರುತ್ತಾರೆ ಎಂಬುದನ್ನು ಗೊತ್ತುಮಾಡಿಕೊಂಡೆ.

ಮರಿಗಳನ್ನು ತಂದದ್ದು ಫೆಬ್ರವರಿಯ ಕೊನೆಯಲ್ಲಿ. ಜೂನ್‌ನಲ್ಲಿ ಇಲ್ಲಿ ಹಿಡಿಯುವ ಮಳೆಯ ಹೊತ್ತಿಗೆ ಅವುಗಳ ಪುಕ್ಕ ಬಲಿತಿರಬೇಕೆಂಬುದು ನನ್ನ ಲೆಕ್ಕಾಚಾರವಾಗಿತ್ತು. ತಳಿ ಗಿರಿರಾಜ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ಹಿತ್ತಲ ಕೋಳಿಯನ್ನು ಮಹಾರಾಷ್ಟ್ರದ ರೈತರು ತಮ್ಮದೇ ಎಂಬಷ್ಟು ಸಲುಗೆಯಿಂದ ಸಾಕುತ್ತಾರೆ.

ಮೊದಲ ವಾರದ ನಿಜವಾದ ಕೆಲಸವೆಂದರೆ ಕಾವು. ಮರಿಗಳಿಗೆ ಆಗ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಮೂಲೆಗಳಿದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಉಸಿರುಗಟ್ಟುತ್ತವೆ ಎಂಬ ಕಾರಣಕ್ಕೆ ತಗಡನ್ನು ದುಂಡಗೆ ಬಗ್ಗಿಸಿ, ನಡುವೆ ಬಲ್ಬು ತೂಗುಬಿಟ್ಟೆವು. ಥರ್ಮಾಮೀಟರ್ ಇದ್ದರೂ ನಾನು ಹೆಚ್ಚು ನಂಬಿದ್ದು ಮರಿಗಳನ್ನೇ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ. ತಗಡಿನ ಅಂಚಿಗೆ ಸರಿದು, ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಚೆಲ್ಲಿದ ಕಾಳಿನಂತೆ ಎಲ್ಲೆಡೆ ಹರಡಿಕೊಂಡು ಮಲಗಿದ್ದರೆ ಎಲ್ಲವೂ ಸರಿ. ರಾತ್ರಿ ಕರೆಂಟ್ ಹೋಗುವ ಊರಾದ್ದರಿಂದ ಇನ್ವರ್ಟರ್‌ನ ಒಂದು ಲೈನನ್ನು ಅತ್ತಲೇ ಎಳೆದೆವು. ಫ್ಯಾನ್ ನಿಂತರೂ ಮರಿಗಳ ಬಲ್ಬು ಆರಬಾರದೆಂದು ತೀರ್ಮಾನಿಸಿದವರು ಯಜಮಾನರು. ಸೊಳ್ಳೆ ಕಡಿಸಿಕೊಂಡವರು ನಾವೆಲ್ಲರೂ.

ಭತ್ತದ ಹೊಟ್ಟಿಗೆ ಇಲ್ಲಿ ಬರವಿಲ್ಲ, ಏಕೆಂದರೆ ಮುಳಶಿಯು ಆಂಬೆಮೋಹರ ಅಕ್ಕಿಯ ಸೀಮೆ. ಹೊಟ್ಟನ್ನು ಎರಡು ಮೂರು ಅಂಗುಲ ಹರಡಿ, ಮರಿಗಳು ಅದನ್ನೇ ತಿನ್ನದಂತೆ ಮೊದಲ ಕೆಲವು ದಿನ ಮೇಲೆ ಕಾಗದ ಹಾಸಿದೆವು. ನೀರು ಚೆಲ್ಲಿ ಹೊಟ್ಟು ಹಸಿಯಾದರೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ, ಪ್ರತಿ ಬೆಳಿಗ್ಗೆ ನೀರಿನ ಪಾತ್ರೆಯ ಸುತ್ತಲಿನ ಹೊಟ್ಟನ್ನು ಮಗ ತೆಗೆದುಹಾಕಿ ಹೊಸದನ್ನು ಹರಡಿದ ಮೇಲೆಯೇ ಶಾಲೆಗೆ ಹೊರಡುತ್ತಿದ್ದ. ಹಿಕ್ಕೆಯ ಬಣ್ಣ ನೋಡಿ ಸುಖ-ದುಃಖ ಹೇಳುವ ಕೆಲಸವನ್ನು ಯಾರೂ ಕೇಳದೆಯೇ ಅತ್ತೆಯವರು ವಹಿಸಿಕೊಂಡರು. ಮೊಟ್ಟೆಯನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳದ ಅವರೇ ದಿನಕ್ಕೆ ಹಲವು ಬಾರಿ ತಗಡಿನ ಬಳಿ ಬಗ್ಗಿ ನಿಲ್ಲುತ್ತಿದ್ದರು. ಅವರ ಕಣ್ಣು ನಮ್ಮೆಲ್ಲರಿಗಿಂತ ಚುರುಕಾಗಿತ್ತೆಂದು ಒಪ್ಪಲೇಬೇಕು.

ಏಳನೆಯ ದಿನ, ರಾಣಿಖೇತ್ ಎಂದೂ ಕರೆಯುವ ಕೋಳಿಗಳ ಕೊಕ್ಕರೆ ರೋಗದ ವಿರುದ್ಧ ಲಸೋಟ ಲಸಿಕೆ. ನಮಗೆ ಸಿಕ್ಕ ಬಾಟಲಿಯಲ್ಲಿ 100 ಮರಿಗಳಿಗೆ ಸಾಲುವಷ್ಟು ಔಷಧವಿತ್ತು. ಕಲಸಿದ ಮೇಲೆ ಅದನ್ನು ಎರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಆದ್ದರಿಂದ ನೆರೆಯ ಎರಡು ಮನೆಯವರೊಡನೆ ಮಾತಾಡಿಕೊಂಡು, ಎಲ್ಲರೂ ಒಂದೇ ಭಾನುವಾರ ಸಂಜೆಯ ತಂಪಿನಲ್ಲಿ ಹಾಕಿಸುವ ಏರ್ಪಾಡು ಮಾಡಿದೆವು. ಬಾಟಲಿ ಮಂಜುಗಡ್ಡೆಯಿದ್ದ ಥರ್ಮಾಸಿನಲ್ಲಿತ್ತು. ಮಗ ಮರಿಯನ್ನು ಅಂಗೈಯಲ್ಲಿ ಹಿಡಿದು ತಲೆಯನ್ನು ಓರೆ ಮಾಡುತ್ತಿದ್ದ, ನಾನು ಕಣ್ಣಿಗೆ ಒಂದು ಹನಿ ಬಿಡುತ್ತಿದ್ದೆ. ಹನಿ ಕಣ್ಣಿನ ಮೇಲೆ ಕ್ಷಣಕಾಲ ಗುಳ್ಳೆಯಾಗಿ ನಿಲ್ಲುತ್ತದೆ; ಮರಿ ರೆಪ್ಪೆ ಮುಚ್ಚಿ ತೆರೆದು ಅದು ಒಳಗಿಳಿಯುವವರೆಗೆ ಕೈ ಸಡಿಲಿಸಬಾರದು. ಹನಿ ಬಿದ್ದ ಮರಿಗಳನ್ನು ಮಗಳು ಬೇರೆ ಬುಟ್ಟಿಗೆ ಹಾಕುತ್ತ ಎಣಿಸುತ್ತಿದ್ದಳು.

ನಾಲ್ಕು ವಾರ ಕಳೆದ ಮೇಲೆ ಕೆಲಸ ಬಹಳ ಹಗುರವಾಯಿತು. ಆದರೆ ಕತ್ತಲಾಗುವ ಹೊತ್ತು ಮಾತ್ರ ಯಾರಾದರೊಬ್ಬರು ಮನೆಯಲ್ಲಿರಲೇಬೇಕು. ಹಗಲಿನಲ್ಲಿ ಮುಂಗುಸಿ, ರಾತ್ರಿ ಕಾಡುಬೆಕ್ಕು ಸುಳಿಯುವ ಜಾಗವಿದು. ಕೋಳಿಜಾಲರಿಯ ಬದಲು ಬೆರಳು ತೂರದಷ್ಟು ಸಣ್ಣ ಕಣ್ಣಿನ ಬೆಸುಗೆಜಾಲರಿಯನ್ನೇ ಹಾಕಿ, ಅದರ ಅಂಚನ್ನು ಒಂದು ಅಡಿ ಮಣ್ಣಿನಡಿ ಹೂತಿದ್ದೇವೆ. ಈಗ ಮಕ್ಕಳ ಟ್ಯೂಷನ್ನಿನ ವೇಳೆಯನ್ನೂ ಗೂಡಿನ ಬಾಗಿಲು ಹಾಕುವ ಹೊತ್ತು ನೋಡಿಯೇ ಗೊತ್ತುಮಾಡುತ್ತೇವೆ, ಮೊಟ್ಟೆ ಬೇಯಿಸುವುದಕ್ಕೆ ಹಿತ್ತಲಿನಲ್ಲಿ ಬೇರೆಯೇ ಒಲೆ ಹೂಡಿದ್ದೇವೆ.