ಎರಡೂ ದಿಕ್ಕಿನಿಂದ ಅಳೆದರೆ ಮಾತ್ರ ಔಷಧದ ದಾರಿ ತಿಳಿಯುತ್ತದೆ

ಹೊಸ ಔಷಧದ ಅಣು ಕರುಳಿನ ಗೋಡೆ ದಾಟಿ ರಕ್ತ ಸೇರುತ್ತದೆಯೇ ಎಂದು ನೋಡುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಣು ಚಿಕ್ಕದು, ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ತಾನಾಗಿಯೇ ಒಳಹೋದೀತು ಎಂಬ ಲೆಕ್ಕಾಚಾರವನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಜೀವಕೋಶದ ಪೊರೆಯಲ್ಲಿರುವ ಪಿ-ಗ್ಲೈಕೋಪ್ರೋಟೀನ್ ಎಂಬ ಸಾಗಣೆ ಪ್ರೋಟೀನು, ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿಯಿಂದ, ಒಳಬಂದ ಔಷಧವನ್ನು ಮತ್ತೆ ಕರುಳಿಗೇ ದಬ್ಬಬಲ್ಲದು.

ನಾನು ಬಳಸುವುದು ಕಾಕೊ-2 ಕೋಶಗಳನ್ನು. ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದ ಇವು ಸೂಕ್ಷ್ಮ ರಂಧ್ರಗಳ ಹಾಳೆಯ ಮೇಲೆ ಸುಮಾರು 21 ದಿನ ಬೆಳೆದರೆ ಸಣ್ಣ ಕರುಳಿನ ಒಳಪದರವನ್ನು ಹೋಲುತ್ತವೆ. ಪದರದ ವಿದ್ಯುತ್ ರೋಧ ಅಳೆಯದೆ ನಾನು ಮುಂದುವರಿಯುವುದಿಲ್ಲ. ಕೋಶಗಳ ನಡುವೆ ಸಂದಿ ಉಳಿದಿದ್ದರೆ ಔಷಧ ಅಲ್ಲಿಂದಲೇ ನುಸುಳುತ್ತದೆ, ಸಿಕ್ಕ ಅಂಕಿಗೆ ಅರ್ಥವಿರುವುದಿಲ್ಲ.

ಬಳಿಕ ಕೆಲವು ಪದರಗಳಿಗೆ ಔಷಧವನ್ನು ಮೇಲಿನಿಂದ, ಉಳಿದವಕ್ಕೆ ಕೆಳಗಿನಿಂದ ಹಾಕಿ, ಆಚೆ ಬದಿಗೆ ಎಷ್ಟು ದಾಟಿತೆಂದು ಅಳೆಯುತ್ತೇನೆ. ಕೆಳಗಿನಿಂದ ಮೇಲಕ್ಕೆ, ಅಂದರೆ ರಕ್ತದ ಕಡೆಯಿಂದ ಕರುಳಿನ ಕಡೆಗೆ, ದಾಟುವ ವೇಗ ಮೇಲಿನಿಂದ ಕೆಳಕ್ಕೆ ದಾಟುವ ವೇಗದ ಎರಡು ಪಟ್ಟು ಅಥವಾ ಹೆಚ್ಚಿದ್ದರೆ ಹೊರದಬ್ಬುವ ಪ್ರೋಟೀನಿನ ಮೇಲೆ ಅನುಮಾನ. ಅನುಮಾನವಷ್ಟೇ ಸಾಲದು. ಪಿ-ಗ್ಲೈಕೋಪ್ರೋಟೀನನ್ನು ತಡೆಯುವ ವಸ್ತುವನ್ನು ಬೆರೆಸಿ ಮತ್ತೆ ಅಳೆಯುತ್ತೇನೆ. ಈ ಎರಡು ವೇಗಗಳ ಅನುಪಾತ ಒಂದರ ಹತ್ತಿರಕ್ಕೆ ಇಳಿದರೆ ಕೆಲಸ ಅದರದ್ದೇ.

ಪ್ರತಿ ತಂಡದ ಕೋಶಗಳ ಜೊತೆಗೂ ಹೃದಯದ ಔಷಧ ಡಿಗಾಕ್ಸಿನ್ ಇರಲೇಬೇಕು. ಅದು ಈ ಪ್ರೋಟೀನಿನ ಪಕ್ಕಾ ಗಿರಾಕಿ. ಅದರ ಅನುಪಾತವೇ ಏರದಿದ್ದರೆ ಆ ಕೋಶಗಳನ್ನು ನಂಬುವುದಿಲ್ಲ. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಹೃದಯ ಬಡಿತದ ಏರುಪೇರಿಗೆ ಕೊಡುವ ಕ್ವಿನಿಡಿನ್ ಕೊಟ್ಟಾಗ ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಸುಮಾರು ಇಮ್ಮಡಿಯಾಗುವುದನ್ನು ವೈದ್ಯರು 1970ರ ದಶಕದ ಕೊನೆಯಲ್ಲೇ ಗಮನಿಸಿದ್ದರು. ಕ್ವಿನಿಡಿನ್ ಪಿ-ಗ್ಲೈಕೋಪ್ರೋಟೀನನ್ನು ಕಟ್ಟಿಹಾಕುತ್ತದೆ. ಮೂತ್ರಪಿಂಡದ ಮೂಲಕ ಡಿಗಾಕ್ಸಿನ್ ಹೊರಹೋಗುವುದೂ ಕುಗ್ಗುತ್ತದೆ. ಚಿಕಿತ್ಸೆಗೂ ವಿಷಕ್ಕೂ ಅಂತರ ತೀರ ಕಡಿಮೆ ಇರುವ ಔಷಧದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಅನುಪಾತ ಹೆಚ್ಚು ಬಂದ ಮಾತ್ರಕ್ಕೆ ಅಣುವನ್ನು ಕೈಬಿಡಬೇಕೆಂದು ನಾನು ಬರೆಯುವುದಿಲ್ಲ. ಮಾತ್ರೆ ಕರಗಿದಾಗ ಕರುಳಿನಲ್ಲಿ ಔಷಧದ ಸಾಂದ್ರತೆ ಬಹಳ ಹೆಚ್ಚಿರಬಹುದು. ಆಗ ಪ್ರೋಟೀನಿಗೆ ಅಷ್ಟನ್ನೂ ದಬ್ಬಲು ಸಾಧ್ಯವಾಗದೆ ಬೇಕಾದಷ್ಟು ಔಷಧ ಒಳಹೋಗುತ್ತದೆ. ಆದ್ದರಿಂದ ಹಲವು ಸಾಂದ್ರತೆಗಳಲ್ಲಿ ಅಳೆಯುತ್ತೇನೆ. ಮಿದುಳಿಗೆ ತಲುಪಬೇಕಾದ ಔಷಧವಾದರೆ ನನ್ನ ನಿಲುವು ಬೇರೆ. ರಕ್ತದಲ್ಲಿನ ಸಾಂದ್ರತೆ ಸಾಮಾನ್ಯವಾಗಿ ಎಷ್ಟು ಕಡಿಮೆಯೆಂದರೆ ಮಿದುಳಿನ ರಕ್ತನಾಳಗಳಲ್ಲಿರುವ ಇದೇ ಪ್ರೋಟೀನು ದಣಿಯುವುದೇ ಇಲ್ಲ. ಭೇದಿ ನಿಲ್ಲಿಸುವ ಲೋಪೆರಮೈಡ್ ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ಔಷಧ, ಆಗಿದ್ದರೂ ನಿಗದಿತ ಪ್ರಮಾಣದಲ್ಲಿ ಅಮಲು ತರದಿರಲು ಮುಖ್ಯ ಕಾರಣ ಈ ಕಾವಲೇ.