ತೋಟದಿಂದ ಆವಿಯಾಗಿ ಹೋಗುವ ನೀರಿನ ಲೆಕ್ಕ ಇಡುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ಬಿದ್ದ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆದಿಡುವ ರೂಢಿ ಹಳೆಯದು. ಆದರೆ ಮಣ್ಣಿನಿಂದ ಆವಿಯಾಗಿಯೂ ಎಲೆಗಳ ಮೂಲಕ ಬಾಷ್ಪವಾಗಿಯೂ ಹೊರಟುಹೋಗುವ ನೀರಿಗೆ, ಅಂದರೆ ಇವಾಪೊಟ್ರಾನ್ಸ್‌ಪಿರೇಶನ್ನಿಗೆ, ಅದೇ ಡೈರಿಯಲ್ಲಿ ಜಾಗ ಸಿಗುವುದು ಅಪರೂಪ. ರೊಬಸ್ಟಾ ಕಾಫಿಗೆ ಬ್ಯಾಕಿಂಗ್ ನೀರು, ಅಂದರೆ ಹೂ ಅರಳಿದ ಮೇಲೆ ಕಾಯಿ ಕಚ್ಚಲು ಕೊಡುವ ಎರಡನೇ ನೀರು, ಎಷ್ಟು ಬೇಕೆಂಬುದು ಈ ಖರ್ಚು ತಿಳಿಯದೆ ತೀರ್ಮಾನವಾಗದು.

ಅಳತೆಗೆ 120.7 ಸೆಂ.ಮೀ. ವ್ಯಾಸ, 25 ಸೆಂ.ಮೀ. ಆಳದ ‘ಕ್ಲಾಸ್ ಎ’ ತೊಟ್ಟಿಯನ್ನು ಮರದ ಚೌಕಟ್ಟಿನ ಮೇಲೆ ಬಯಲಿನಲ್ಲಿಟ್ಟು, ಅಂಚಿನಿಂದ 5 ಸೆಂ.ಮೀ. ಕೆಳಗಿನವರೆಗೆ ನೀರು ತುಂಬಬೇಕು. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಮಟ್ಟ ನೋಡಿ, ಇಳಿದ ಮಿಲಿಮೀಟರಿಗೆ ಆ ದಿನದ ಮಳೆಯನ್ನು ಕೂಡಿಸಿದರೆ ಆವಿಯಾದ ಪ್ರಮಾಣ ಸಿಗುತ್ತದೆ. (ಆನೆ ಬಂದು ನೀರು ಕುಡಿದುಹೋದ ದಿನದ ಲೆಕ್ಕವನ್ನು ಕೈಬಿಡುವುದೇ ಲೇಸು.)

ಬಂದ ಅಂಕಿಯನ್ನು ಮೊದಲು ತೊಟ್ಟಿಯ ಗುಣಾಂಕ 0.7ರಿಂದ, ಆಮೇಲೆ ಕಾಫಿಯ ಗುಣಾಂಕ 0.95ರಿಂದ ಗುಣಿಸಬೇಕು, ಬುಡದಲ್ಲಿ ಕಳೆ ತುಂಬಿದ್ದರೆ ಗುಣಾಂಕ 1.1ಕ್ಕೆ ಏರುತ್ತದೆ. ತೊಟ್ಟಿಯಲ್ಲಿ 5 ಮಿ.ಮೀ. ಇಳಿದರೆ ತೋಟದ ಖರ್ಚು ಸುಮಾರು 3.3 ಮಿ.ಮೀ. ಒಳ್ಳೆಯ ನೆರಳು, ದಪ್ಪ ತರಗೆಲೆಯ ಹೊದಿಕೆ ಇರುವಲ್ಲಿ ನಿಜವಾದ ಖರ್ಚು ಇದಕ್ಕಿಂತ ಕಡಿಮೆ ಇರುವುದರಿಂದ ಇದನ್ನು ಗರಿಷ್ಠ ಅಂದಾಜೆಂದೇ ತಿಳಿಯಬೇಕು.

ಲೆಕ್ಕವನ್ನು ಡಿಸೆಂಬರಿನಿಂದಲೇ ಹಿಡಿದು ಕೊರತೆ ತುಂಬಲು ಹೊರಡುವುದು ತಪ್ಪು. ಮೊಗ್ಗು ಬಲಿಯಲು ಗಿಡಕ್ಕೆ ಒಣಹವೆಯ ಬಿಸಿ ತಟ್ಟಲೇಬೇಕು. ಮೊಗ್ಗು ಅರಳಿಸಲು ಕೊಡುವ ಹೂವಿನ ನೀರಿನ ದಿನವೇ ಲೆಕ್ಕದ ಮೊದಲ ದಿನ. ಆ ದಿನ ಸ್ಪ್ರಿಂಕ್ಲರಿನಲ್ಲಿ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಕೊಟ್ಟಿದ್ದು, ನಡುವೆ 60 ಸೆಂಟು (15 ಮಿ.ಮೀ.) ಮಳೆ ಬಂದಿದೆ ಎನ್ನೋಣ. ದಿನಕ್ಕೆ 3.3 ಮಿ.ಮೀ.ನಂತೆ ಇಪ್ಪತ್ತು ದಿನದ ಖರ್ಚು 66 ಮಿ.ಮೀ. ಆದ್ದರಿಂದ ಕೊರತೆ 13 ಮಿ.ಮೀ., ಅಂದರೆ ಅರ್ಧ ಇಂಚು ಮಾತ್ರ. ಎಕರೆಗೆ 1 ಮಿ.ಮೀ. ಎಂದರೆ 4,047 ಲೀಟರ್. ಹಾಗಾಗಿ ಎಕರೆಗೆ ಸುಮಾರು 52,600 ಲೀಟರ್ ಬೇಕಾಗುತ್ತದೆ. ಗಾಳಿ, ಬಿಸಿಲಿಗೆ ಹಾರಿಹೋಗುವ ಹನಿಗಾಗಿ ತುಸು ಹೆಚ್ಚಿಸಬೇಕು. ರಾತ್ರಿ ಹೊತ್ತು ಪಂಪು ಓಡಿಸಿದರೆ ಆ ನಷ್ಟ ಕಡಿಮೆ.

ಕೆರೆಯೂ ಬಿಸಿಲಿಗೆ ಆರುತ್ತದೆ. ಕಾಲು ಎಕರೆ ಹರವಿನ ಕೆರೆಯಿಂದ ದಿನಕ್ಕೆ 3.5 ಮಿ.ಮೀ. ಆವಿಯಾದರೆ ಇಪ್ಪತ್ತು ದಿನದಲ್ಲಿ 70,000 ಲೀಟರಿಗೂ ಹೆಚ್ಚು ನೀರು ಹೋಗಿರುತ್ತದೆ. ಕೆರೆಯ ನೀರು ಎಷ್ಟು ಎಕರೆಗೆ ಸಾಕೆಂದು ಫೆಬ್ರವರಿಯಲ್ಲಿ ಲೆಕ್ಕ ಹಾಕುವಾಗ ಇದನ್ನು ಮೊದಲೇ ಕಳೆದುಕೊಳ್ಳಬೇಕು.